ಮಸ್ಕಿ ಅಂದರೆ ಎಷ್ಟು ಅಕ್ಷರ?

ಯಾರನ್ನು ಕೇಳಿದರೂ ಎರಡು ಎನ್ನುತ್ತಾರೆ: ‘ಮ’, ‘ಸ್ಕಿ’. ಈ ಊರಿನ ಹೆಸರನ್ನು ಯುಟಿಎಫ್-8 ಕಡತದಲ್ಲಿ ಬರೆದು ಅದರ ಉದ್ದ ಕೇಳಿದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಪೈಥಾನ್ 3 ಐದು ಎನ್ನುತ್ತದೆ, ಹಳೆಯ ಆವೃತ್ತಿ ಪೈಥಾನ್ 2 ಹದಿನೈದು ಎನ್ನುತ್ತದೆ. ಹೊಸದು ಮ, ಸ, ಹಲಂತ, ಕ, ಗುಡಿಸು ಎಂದು ಯುನಿಕೋಡ್ ಸಂಕೇತಗಳನ್ನು ಎಣಿಸಿತು. ಹಳೆಯದು ಆ ಒಂದೊಂದು ಸಂಕೇತವೂ ಹಿಡಿಯುವ ಮೂರು ಬೈಟುಗಳನ್ನು ಎಣಿಸಿತು.

ಪಟ್ಟಿಯಲ್ಲಿ ಜಾಗ ಸಾಲದೆಂದು ಊರಿನ ಹೆಸರನ್ನು ಮೊದಲ ಹತ್ತಕ್ಕೆ ಕತ್ತರಿಸುವ ಸ್ಕ್ರಿಪ್ಟ್ ಇದೆ ಎಂದುಕೊಳ್ಳಿ. ‘ಲಿಂಗಸುಗೂರು’ ಸರಿಯಾಗಿ ಹತ್ತು ಸಂಕೇತ. ಹೊಸದರಲ್ಲಿ ಪೂರ್ತಿ ಉಳಿಯುತ್ತದೆ. ಹಳೆಯದರಲ್ಲಿ ‘ಲಿಂ’ ಉಳಿದು, ಪಕ್ಕದಲ್ಲಿ ‘ಗ’ದ ಮುರಿದ ಚೂರೊಂದು ಕೂರುತ್ತದೆ.

ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಹಳೆಯದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ನಡುವಿನ ಹನ್ನೊಂದು ವರ್ಷ ಎರಡಕ್ಕೂ ಹೊಂದುವಂತೆ ಬರೆಯುವುದೇ ಒಂದು ಕಸುಬಾಗಿತ್ತು.

ಓಡದೆ ನಿಂತುಬಿಡುವ ಸ್ಕ್ರಿಪ್ಟಿಗೆ ನಾನು ಹೆದರುವುದಿಲ್ಲ. ತಪ್ಪು ಯಾವ ಸಾಲಿನಲ್ಲಿದೆ ಎಂದು ಅದೇ ಹೇಳುತ್ತದೆ. ಹೆದರಿಕೆ ಇರುವುದು ಸದ್ದಿಲ್ಲದೆ ಬೇರೆ ಉತ್ತರ ಕೊಡುವುದಕ್ಕೆ. ಸಿಂಧನೂರಿನಲ್ಲಿ ಅಣ್ಣ ತಮ್ಮ ಇಬ್ಬರು ಏಳು ಕ್ವಿಂಟಲ್ ಭತ್ತ ಹಂಚಿಕೊಳ್ಳಬೇಕು. ಏಳನ್ನು ಎರಡರಿಂದ ಭಾಗಿಸು ಎಂದರೆ ಪೈಥಾನ್ 3 ಮೂರೂವರೆ ಎನ್ನುತ್ತದೆ. ಪೈಥಾನ್ 2 ಬರೀ ಮೂರು ಎನ್ನುತ್ತದೆ. ಒಬ್ಬೊಬ್ಬರಿಗೂ ಐವತ್ತು ಕಿಲೋ ಖೋತಾ! ಕಡತದ ತಲೆಯಲ್ಲಿ ‘ಫ್ಯೂಚರ್’ನಿಂದ ‘ಡಿವಿಷನ್’ ತರಿಸಿಕೊಳ್ಳುವ ಒಂದು ಸಾಲು ಬರೆದರೆ ಹಳೆಯದೂ ಮೂರೂವರೆ ಕೊಡುತ್ತದೆ. ಹೊಸದಕ್ಕೆ ಆ ಸಾಲಿನಿಂದ ತೊಂದರೆಯಿಲ್ಲ.

ಹೆಸರು ಬದಲಾದ ಕಡೆ ಮಸ್ಕಿಯ ಬಂಡೆ ನೆನಪಾಗುತ್ತದೆ. ಬೇರೆ ಕಡೆಯ ಅಶೋಕನ ಶಾಸನಗಳಲ್ಲಿ ರಾಜ ಬಹುಮಟ್ಟಿಗೆ ‘ದೇವಾನಾಂಪಿಯ ಪಿಯದಸಿ’. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿ ಕಂಡ ಶಾಸನದಲ್ಲಿ ‘ದೇವಾನಾಂಪಿಯ’ ಎಂಬ ಬಿರುದಿನ ಜೊತೆಗೇ ‘ಅಸೋಕ’ ಎಂದಿತ್ತು. ಬಿರುದೂ ಹೆಸರೂ ಒಬ್ಬನದೇ ಎಂದು ಕಲ್ಲೇ ಹೇಳಿತು. ಪೈಥಾನ್‌ನಲ್ಲೂ ಹಾಗೆಯೇ: ಬಳಕೆದಾರ ಟೈಪಿಸಿದ್ದನ್ನು ಓದುವ ಹಳೆಯ ‘ರಾ ಇನ್‌ಪುಟ್’ ಪೈಥಾನ್ 3ರಲ್ಲಿ ಬರೀ ‘ಇನ್‌ಪುಟ್’ ಆಗಿದೆ. ಹಳೆಯ ಹೆಸರು ಸಿಕ್ಕರೆ ಅದನ್ನೇ ‘ಇನ್‌ಪುಟ್’ ಎಂದು ಕರೆ, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗು ಎಂದು ಆರಂಭದಲ್ಲೇ ಬರೆದಿಟ್ಟರೆ ಸಾಕು, ಉಳಿದ ಸ್ಕ್ರಿಪ್ಟ್ ಒಂದೇ ಹೆಸರಿನಲ್ಲಿ ಸಾಗುತ್ತದೆ.

ಕನ್ನಡ ಪದಕ್ಕೂ ದಾರಿಯಿದೆ. ಉದ್ಧರಣ ಚಿಹ್ನೆಯ ಮುಂದೆ ‘ಯು’ ಹಚ್ಚಿದರೆ ಹಳೆಯದೂ ಸಂಕೇತಗಳನ್ನೇ ಎಣಿಸುತ್ತದೆ. ಪೈಥಾನ್ 3 ಮೊದಲಿಗೆ ಈ ‘ಯು’ವನ್ನು ಕಿತ್ತುಹಾಕಿತ್ತು, ಎರಡರಲ್ಲೂ ಓಡುವ ಸ್ಕ್ರಿಪ್ಟ್ ಬರೆಯುವವರಿಗೆ ಕಷ್ಟವಾಯಿತೆಂದು 2012ರ 3.3ರಲ್ಲಿ ಮರಳಿ ತಂದರು. ನಿಮ್ಮ ಸ್ಕ್ರಿಪ್ಟನ್ನು ಎರಡರಲ್ಲೂ ಓಡಿಸಿ, ‘ಯು’ ಹಚ್ಚಿದ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಉದ್ದ ಕೇಳಿ ನೋಡಿ. ಎರಡು ಕಡೆಯೂ 5, 8, 10 ಬರಬೇಕು.