ಪ್ರಸವವೇದನೆ, ಶಾಪ ಮತ್ತು ಉಪಶಮನ

ಹೆರಿಗೆಯ ನೋವನ್ನು ಔಷಧವಿಲ್ಲದೆ ತಗ್ಗಿಸಲು ವರ್ಚುವಲ್ ರಿಯಾಲಿಟಿ ತಂತ್ರಜ್ಞಾನವನ್ನು ಕೆಲವು ಆಸ್ಪತ್ರೆಗಳು ಬಳಸತೊಡಗಿವೆ. ಗರ್ಭಿಣಿಯು ಕಣ್ಣಿಗೆ ಧರಿಸುವ ಸಾಧನವು ಆಕೆಯ ಸುತ್ತಲೂ ಬೇರೊಂದು ಪ್ರಶಾಂತ ದೃಶ್ಯಲೋಕವನ್ನು ತೆರೆಯುತ್ತದೆ. ಮನುಷ್ಯನ ಗಮನಶಕ್ತಿಗೆ ಮಿತಿಯುಂಟು. ದೃಶ್ಯವೂ ಧ್ವನಿಯೂ ಅದನ್ನು ಸೆಳೆದುಕೊಂಡಾಗ ನೋವಿನ ಅನುಭವ ಕುಗ್ಗುತ್ತದೆ. ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆಯ 40 ಸ್ತ್ರೀಯರೊಡನೆ ನಡೆದ ಪ್ರಯೋಗದಲ್ಲಿ, 30 ನಿಮಿಷ ಇದನ್ನು ಬಳಸಿದವರ ನೋವು ತುಸು ಇಳಿಯಿತು. ಬಳಸದವರ ನೋವು ಏರಿತು. ಪ್ರಯೋಗ ಚಿಕ್ಕದು, ಉಪಶಮನವೂ ಸಾಧಾರಣ.

ಆದರೂ ಇಲ್ಲಿ ಹಳೆಯದೊಂದು ಪ್ರಶ್ನೆ ನಮಗೆ ಎದುರಾಗುತ್ತದೆ. ಆದಿಕಾಂಡ 3:16ರ ಮಾತು ಆಜ್ಞೆಯಾದರೆ, ಆ ವೇದನೆಯನ್ನು ನೀಗಿಸುವುದು ಅವಿಧೇಯತೆಯಲ್ಲವೇ? 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದಾಗ ಇಂಥ ಆಕ್ಷೇಪಗಳಿಗೆ ಕಿರುಹೊತ್ತಗೆಯೊಂದರ ಮೂಲಕ ಉತ್ತರಿಸಿದರು. ಆದಾಮನ ಪಕ್ಕೆಲುಬನ್ನು ತೆಗೆಯುವ ಮೊದಲು ದೇವರೇ ಅವನಿಗೆ ಗಾಢನಿದ್ರೆಯನ್ನು ಬರಮಾಡಿದನೆಂಬುದನ್ನು ಅವರು ನೆನಪಿಸಿದರು.

ಮೂಲಭಾಷೆಯೂ ನಮಗೆ ದಾರಿತೋರುತ್ತದೆ. 16ನೆಯ ವಚನದಲ್ಲಿ ಸ್ತ್ರೀಯ ವೇದನೆಗೂ 17ನೆಯ ವಚನದಲ್ಲಿ ಪುರುಷನ ದುಡಿಮೆಗೂ ಇಬ್ರಿಯದಲ್ಲಿ ‘ಇತ್ಸಾಬೋನ್’ ಎಂಬ ಒಂದೇ ಪದವಿದೆ. ನೇಗಿಲನ್ನೂ ಟ್ರ್ಯಾಕ್ಟರನ್ನೂ ಸಭೆ ಎಂದೂ ಪಾಪವೆನ್ನಲಿಲ್ಲ. ಹಾಗಿರಲು ಪುರುಷನ ಬೆವರನ್ನು ಒರೆಸಿದ ನಾವು ಸ್ತ್ರೀಯ ನರಳಾಟವನ್ನು ಮಾತ್ರ ಕಾಯ್ದಿರಿಸುವುದು ವ್ಯಾಖ್ಯಾನವಲ್ಲ, ಪಕ್ಷಪಾತ. ಯೋಹಾನ 16:21ರಲ್ಲಿ ಕರ್ತನು ಪ್ರಸವವೇದನೆಯನ್ನು ಕುರಿತು ಮಾತನಾಡುವಾಗಲೂ ಸಂತೋಷಕ್ಕೆ ಕಾರಣವಾದದ್ದು ನೋವಲ್ಲ, ಹುಟ್ಟಿದ ಮಗು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕಣ್ಣನ್ನು ಮುಚ್ಚುವ ಸಾಧನವು ಕೈಹಿಡಿದವರ ಮುಖವನ್ನೂ ಮರೆಮಾಡಬಲ್ಲದು. ಹೆರಿಗೆಯ ಸಮಯದಲ್ಲಿ ತಾಯಿ ಬಯಸಿದ ಒಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುತ್ತದೆ. ಯಂತ್ರವು ಈ ಸಾಂಗತ್ಯಕ್ಕೆ ನೆರವಾಗಲಿ, ಬದಲಿಯಾಗದಿರಲಿ.

ಆದುದರಿಂದ, ಉಪಶಮನವನ್ನು ಕೋರಿದವಳನ್ನು ಅಲ್ಪವಿಶ್ವಾಸಿಯೆಂದಾಗಲಿ, ಕೋರದವಳನ್ನು ಮಹಾವಿಶ್ವಾಸಿಯೆಂದಾಗಲಿ ಸಭಾಪಾಲಕರಾದ ನಾವು ಎಣಿಸದಿರೋಣ. ಆಯ್ಕೆ ತಾಯಿಯದು, ಆಕೆಯನ್ನು ಅಪರಾಧಭಾವದಿಂದ ಬಿಡಿಸುವ ಹೊಣೆ ನಮ್ಮದು.