ಮೀನಿಗೂ ಉಸಿರು ಕಟ್ಟುವುದುಂಟು

ನೀರಿನಲ್ಲಿರುವ ಮೀನಿಗೆ ಉಸಿರು ಕಟ್ಟೀತೇ ಎಂದರೆ ನಗುವವರೇ ಹೆಚ್ಚು. ಆದರೆ ಮೀನಿಗೂ ಆಮ್ಲಜನಕವೇ ಪ್ರಾಣವಾಯು; ನೀರಿನಲ್ಲಿ ಕರಗಿರುವಷ್ಟನ್ನೇ ಅದು ಕಿವಿರುಗಳಿಂದ ಹೀರಬೇಕು. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 10 ಡಿಗ್ರಿ ಉಷ್ಣತೆಯ ಒಂದು ಲೀಟರು ಕಡಲ ನೀರಿನಲ್ಲಿ ಕರಗಿರುವುದು ಸುಮಾರು 9 ಮಿಲಿಗ್ರಾಂ ಮಾತ್ರ. ನೀರು ಬೆಚ್ಚಗಾದಷ್ಟೂ ಇದೂ ಇಳಿಯುತ್ತದೆ.

ಕಡಲಿನಲ್ಲಿ ಬಲೆಯ ಪಂಜರಗಳನ್ನು ತೇಲಿಬಿಟ್ಟು ಸಾವಿರಾರು ಮೀನುಗಳನ್ನು ಸಾಕಿದಾಗ ಈ ಅಲ್ಪ ಬಂಡವಾಳಕ್ಕೆ ಪಾಲುದಾರರು ಹೆಚ್ಚುತ್ತಾರೆ. ಮೇವು ತಿಂದ ಮೀನಿಗೆ ಆಮ್ಲಜನಕ ಹೆಚ್ಚು ಬೇಕು. ಬಲೆಗೆ ಪಾಚಿ ಹತ್ತಿದರೆ ಒಳಗೆ ಹೊಸ ನೀರು ಹರಿಯದು. ಎಲ್ಲಕ್ಕೂ ಮಿಗಿಲಾಗಿ, ಮಲವೂ ಉಳಿದ ಮೇವೂ ತಳಕ್ಕಿಳಿದು ಕೊಳೆಯುವಾಗ ಅಲ್ಲಿಯ ಅಣುಜೀವಿಗಳು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ತೆರೆದ ಕಡಲಿನಲ್ಲಿ ಪ್ರವಾಹವು ಈ ಕೊರತೆಯನ್ನು ತುಂಬಿಕೊಡುವುದು. ಮುಚ್ಚಿದ ಕೊಲ್ಲಿಯಲ್ಲಿ ಹಾಗಲ್ಲ.

ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪದ ಪಶ್ಚಿಮಕ್ಕಿರುವ ಮ್ಯಾಕ್ವಾರಿ ಕೊಲ್ಲಿಯನ್ನೇ ನೋಡೋಣ. ಅದರ ಅಳಿವೆ ಬಾಗಿಲು ಕಿರಿದು, ಆಳವೂ ಕಡಿಮೆ. ಹಿಂದೆ ಅಲ್ಲಿಗೆ ಸಾಗಿಸಲ್ಪಟ್ಟ ಕೈದಿಗಳ ಕಾಲದಿಂದ ಅದಕ್ಕೆ ‘ನರಕದ್ವಾರ’ವೆಂಬ ಅರ್ಥದ ಹೆಸರಿದೆ. ಗೋರ್ಡನ್ ಮತ್ತು ಕಿಂಗ್ ನದಿಗಳ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ಹೊದಿಕೆಯಂತೆ ನಿಲ್ಲುತ್ತದೆ. ಮಳೆಗಾಲದಲ್ಲಿ ಅಳಿವೆಯನ್ನು ಕಂಡ ನಮ್ಮ ಕರಾವಳಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಳಗಿನ ನೀರಿಗೆ ಗಾಳಿಯ ಸಂಪರ್ಕವಿಲ್ಲ; ಕಡಲ ನೀರು ಆಗೊಮ್ಮೆ ಈಗೊಮ್ಮೆ ಒಳನುಗ್ಗಿದಾಗಲೇ ಅದಕ್ಕೆ ಉಸಿರು.

ಇಂಥ ಕಡೆ 2012ರ ಬಳಿಕ ಸಾಲ್ಮನ್ ಸಾಕಣೆಯನ್ನು ಹಿಗ್ಗಿಸಿದರು. ಆಳದ ನೀರಿನ ಆಮ್ಲಜನಕ ಬಹಳವಾಗಿ ಕುಸಿಯಿತು. ನದಿಯ ಹರಿವು, ಕಡಲಿನ ಬಿಸಿ ಇವುಗಳ ಪಾತ್ರವೂ ಇರುವುದು ದಿಟ; ಆದರೆ ಸಾಕಣೆಯ ಪಾಲನ್ನು ಅಲ್ಲಗಳೆಯುವುದು ಸಾಧ್ಯವೆಂದು ನಮಗೆ ತೋರುವುದಿಲ್ಲ. ಪೆಟ್ಟು ಬಿದ್ದುದು ಪಂಜರದ ಹೊರಗಣ ಪ್ರಾಣಿಗೆ. ತೊರಕೆ ಮೀನಿನ ಬಂಧುವಾದ ಮೌಜಿಯನ್ ಸ್ಕೇಟ್ ಎಂಬ ಮೀನು ಟಾಸ್ಮೇನಿಯಾದ ಎರಡು ಕೊಲ್ಲಿಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ದೊರೆತಿಲ್ಲ. ಅದರ ಮೊಟ್ಟೆ ತಳದಲ್ಲಿ ಹಲವು ತಿಂಗಳು ಕದಲದೆ ಬಿದ್ದಿರಬೇಕು. ಉಸಿರಿಲ್ಲದ ನೀರನ್ನು ಬಿಟ್ಟು ಓಡಲು ಮೊಟ್ಟೆಗೆ ಈಜು ಬರುವುದೆ? 2014ರಿಂದ 2021ರೊಳಗೆ ಈ ಮೀನುಗಳ ಸಂಖ್ಯೆ ಸರಿಸುಮಾರು ಅರ್ಧಕ್ಕಿಳಿಯಿತು.

2018ರಲ್ಲಿ ಪಂಜರದ ಮೀನುಗಳ ಒಟ್ಟು ತೂಕಕ್ಕೆ 9,500 ಟನ್ನುಗಳ ಮಿತಿ ಬಿದ್ದಿತು. 2023ರ ಕೊನೆಯಲ್ಲಿ ಕೆಲವು ಸ್ಕೇಟ್‌ಗಳನ್ನು ಹಿಡಿದು ತೊಟ್ಟಿಗಳಲ್ಲಿ ಸಾಕತೊಡಗಿದರು. ಆಳದ ನೀರನ್ನು ಮೇಲೆತ್ತಿ ಆಮ್ಲಜನಕ ಬೆರೆಸಿ ಮರಳಿ ಕೆಳಕ್ಕೆ ಬಿಡುವ ಪ್ರಯೋಗವೂ ನಡೆದಿದೆ. 2025ರ ವರದಿಯಲ್ಲಿ ಸ್ಕೇಟ್‌ಗಳ ಸಂಖ್ಯೆ 2014ರ ಮಟ್ಟಕ್ಕೆ ಮರಳುತ್ತಿರುವ ಸೂಚನೆ ಕಂಡುಬಂದಿದೆ.