ಬೆರಳಿಗೆ ತಿಳಿಯಲಿ ಗಿಡದ ಹದ

ಅಂಗಳದ ತುಳಸಿಯಾಗಲಿ, ಕಿಟಕಿಯ ಬಳಿ ಬೆಳೆಸಿದ ಮನಿಪ್ಲಾಂಟ್ ಆಗಲಿ ಬಾಡಿದ್ದು ಕಂಡರೆ ನಾವು ಮೊದಲು ಮಾಡುವ ಕೆಲಸವೆಂದರೆ ಒಂದು ಚೊಂಬು ನೀರು ಹಾಕುವುದು. ಆದರೆ ನೀರು ಹೆಚ್ಚಾದರೂ ಗಿಡ ಬಾಡುತ್ತದೆ ಎಂಬುದನ್ನು ನೀವು ಗಮನಿಸಿದ್ದೀರಾ? ಮಣ್ಣಿನ ಕಣಗಳ ನಡುವಿನ ತೆರಪುಗಳಲ್ಲಿ ನೀರೇ ತುಂಬಿಕೊಂಡರೆ ಬೇರುಗಳಿಗೆ ಆಕ್ಸಿಜನ್ ಸಿಗದು. ಉಸಿರಾಟ ಕುಂದಿದ ಬೇರು ನೀರನ್ನು ಹೀರಲಾರದು. ಎಲೆಯ ಜೀವಕೋಶಗಳ ಒಳಒತ್ತಡ ಕುಸಿದು ಎಲೆ ಜೋತುಬೀಳುತ್ತದೆ. ಲಕ್ಷಣ ಒಂದೇ, ಪರಿಹಾರ ಮಾತ್ರ ತದ್ವಿರುದ್ಧ!

ಸಂಕೇಶ್ವರದ ಸುತ್ತಲಿನ ಕಬ್ಬು ಬೆಳೆಗಾರರಿಗೆ ಈ ಸಮಸ್ಯೆ ಹೊಸದಲ್ಲ. ಅತಿಯಾಗಿ ನೀರುಂಡ ಎರೆಭೂಮಿ ಸವಳು-ಜವಳಾಗುವ ಅಪಾಯವನ್ನು ಅವರು ಬಲ್ಲರು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯು ರೈತರಿಗಾಗಿ ರೂಪಿಸಿದ ತೇವಾಂಶ ಸೂಚಕದ ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿದರೆ ಬಣ್ಣದ ದೀಪ ಬೆಳಗುತ್ತದೆ. ನೀಲಿ ಎಂದರೆ ಹೇರಳ ತೇವ. ಹಸಿರು ಎಂದರೆ ಸಾಕಷ್ಟು. ಕಿತ್ತಳೆ ಎಂದರೆ ಕಡಿಮೆ. ಕೆಂಪು ಎಂದರೆ ಕೂಡಲೇ ನೀರು ಬೇಕು. ಇದೇ ಮಾತನ್ನು ದೀಪದ ಬದಲು ಸ್ಪರ್ಶದಿಂದ ಹೇಳಿಸಿದರೆ? ದೃಷ್ಟಿ ಮಂದವಾದ ಹಿರಿಯರೂ ಅಂಧ ವಿದ್ಯಾರ್ಥಿಗಳೂ ತಮ್ಮ ಕುಂಡದ ಗಿಡವನ್ನು ತಾವೇ ನೋಡಿಕೊಳ್ಳಬಹುದು.

ಅಳೆಯುವುದು ಹೇಗೆ?

ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣಮಣ್ಣಿನದು 3ರಿಂದ 5, ಗಾಳಿಯದು 1. ಆದ್ದರಿಂದ ಮಣ್ಣಿನಲ್ಲಿ ಹೂತ ಎರಡು ಲೋಹದ ಪಟ್ಟಿಗಳ ನಡುವಿನ ವಿದ್ಯುತ್ ಧಾರಕತೆ ತೇವ ಹೆಚ್ಚಿದಂತೆ ಏರುತ್ತದೆ. ಪಟ್ಟಿಗಳಿಗೆ ನಿರೋಧಕ ಲೇಪನವಿದ್ದರೆ ತುಕ್ಕಿನ ಭಯವಿಲ್ಲ. ಈ ಬದಲಾವಣೆಯನ್ನು ಓದಲು ಒಂದು ಪುಟ್ಟ ಮೈಕ್ರೊಕಂಟ್ರೋಲರ್ ಸಾಕು.

ಹೇಳುವುದು ಹೇಗೆ?

ಮೊಬೈಲ್ ಫೋನನ್ನು ನಡುಗಿಸುವಂಥ ಪುಟ್ಟ ಮೋಟರು ಇಲ್ಲಿ ನಾಲಗೆಯಾಗುತ್ತದೆ. ನಮ್ಮ ಚರ್ಮದಾಳದ ಪಾಸೀನಿಯನ್ ಕಣಗಳು ಸುಮಾರು 250 ಹರ್ಟ್ಸ್ ಕಂಪನಕ್ಕೆ ಅತಿ ಸೂಕ್ಷ್ಮ. ಮೇಲ್ಪದರದ ಮೈಸ್ನರ್ ಕಣಗಳು ಇನ್ನೂ ನಿಧಾನದ ಕಂಪನಗಳನ್ನು ಗುರುತಿಸುತ್ತವೆ. ಕಂಪನ ಎಷ್ಟು ಜೋರು ಎಂಬುದನ್ನು ನೆನಪಿಟ್ಟು ಹೋಲಿಸುವುದು ಕಷ್ಟ, ಆದರೆ ಲಯವನ್ನು ಗುರುತಿಸುವುದು ಸುಲಭ. ಆದ್ದರಿಂದ ಒಣಗಿದ್ದರೆ ಮೂರು ಚುಟುಕು ಮಿಡಿತ, ಹದವಾಗಿದ್ದರೆ ಒಂದು ದೀರ್ಘ ಮಿಡಿತ, ನೀರು ಹೆಚ್ಚಾಗಿದ್ದರೆ ಎರಡು ದೀರ್ಘ ಮಿಡಿತ ಎಂದು ಸಂಕೇತ ಇಟ್ಟುಕೊಳ್ಳಬಹುದು. ಕಂಪನ ಸದಾ ಇದ್ದರೆ ಚರ್ಮ ಅದಕ್ಕೆ ಒಗ್ಗಿಹೋಗುತ್ತದೆ. ಮುಟ್ಟಿದಾಗ ಮಾತ್ರ ಮಿಡಿಯಬೇಕು.

2012ರಲ್ಲಿ ಡಿಸ್ನಿ ಸಂಶೋಧಕರು ಜೀವಂತ ಗಿಡವನ್ನೇ ಸ್ಪರ್ಶ ಸಂವೇದಕವಾಗಿಸಿ ತೋರಿಸಿದ್ದರು. ಆದರೆ ಪದೇ ಪದೇ ಮುಟ್ಟಿ ಅಲುಗಾಡಿಸಿದ ಸಸ್ಯಗಳು ಗಿಡ್ಡವಾಗಿ ಬೆಳೆಯುವುದುಂಟು. ಹೀಗಾಗಿ ಮೋಟರನ್ನು ಕಾಂಡಕ್ಕಾಗಲಿ ಕುಂಡಕ್ಕಾಗಲಿ ಕಟ್ಟದೆ, ಪಕ್ಕದ ಪೆಟ್ಟಿಗೆಯಲ್ಲಿಡುವುದು ಲೇಸು.

ಶಾಲೆಯಲ್ಲಿ ಮಾಡಿ ನೋಡಿ

ಎಲ್ಲ ಮಣ್ಣಿಗೂ ಒಂದೇ ಅಳತೆ ಹೊಂದದು. ಎರೆಮಣ್ಣು ನೀರನ್ನು ಬಿಗಿಯಾಗಿ ಹಿಡಿದಿಡುತ್ತದೆ. ಮರಳುಮಣ್ಣಿನಲ್ಲಿ ಗಿಡಕ್ಕೆ ಸಾಲುವಷ್ಟು ತೇವಾಂಶ ಎರೆಯಲ್ಲಿ ಸಾಲದೆ ಹೋಗಬಹುದು. ಆದ್ದರಿಂದ ಕುಂಡಕ್ಕೆ ನೀರು ತುಂಬಿಸಿ, ಹೆಚ್ಚಿನದು ಬಸಿದುಹೋದ ಮೇಲೆ ಸಂವೇದಕದ ಅಂಕಿಯನ್ನೂ ಕುಂಡದ ತೂಕವನ್ನೂ ಬರೆದಿಡಿ. ಗಿಡ ಬಾಡತೊಡಗುವವರೆಗೆ ದಿನವೂ ದಾಖಲಿಸಿ. ಬಸಿದ ಹಂತಕ್ಕಿಂತ ಹೆಚ್ಚು ತೇವ ದಿನಗಟ್ಟಲೆ ನಿಂತರೆ ಅದು ಅತಿ. ಬಾಡುವ ಹಂತಕ್ಕೆ ಸ್ವಲ್ಪ ಮೊದಲೇ 'ನೀರು ಬೇಕು' ಸಂಕೇತ ಬರಲಿ. ಬಳಿಕ ಸಹಪಾಠಿಗಳು ಕಣ್ಣು ಮುಚ್ಚಿ ಮೂರೂ ಮಿಡಿತಗಳನ್ನು ಗುರುತಿಸಲಿ. ತಪ್ಪುಗಳು ಹೆಚ್ಚಿದ್ದರೆ ಬದಲಾಗಬೇಕಾದದ್ದು ಸಂಕೇತವೇ ಹೊರತು ಮುಟ್ಟುವವರಲ್ಲ.

ಒಂದು ಎಚ್ಚರಿಕೆ. ಈ ಸಾಧನಕ್ಕೆ ತಿಳಿಯುವುದು ಮಣ್ಣಿನ ತೇವ ಮಾತ್ರ. ಬೆಳಕಿನ ಕೊರತೆ, ಹಿಟ್ಟುತಿಗಣೆ, ಪೋಷಕಾಂಶಗಳ ಅಭಾವ ಅದಕ್ಕೆ ಗೊತ್ತಾಗದು. 'ಹದ' ಎಂಬ ಮಿಡಿತವನ್ನು 'ಆರೋಗ್ಯ' ಎಂದು ಓದಬಾರದು. ಮಿಡಿತ ಹದವೆಂದರೂ ಗಿಡ ಬಾಡಿದ್ದರೆ ನೀರಿನ ಚೊಂಬನ್ನು ಕೆಳಗಿಟ್ಟು, ಎಲೆಯ ಹಿಂಬದಿಯನ್ನು ಒಮ್ಮೆ ಸವರಿ ನೋಡಿ.